ಅಕ್ಕವ್ವ ಬಿಟ್ಟುಹೋದ ಮಾತು

ಅಕ್ಕವ್ವ ತೀರಿಕೊಂಡ ಸುದ್ದಿ ನೀಲಮಳಿಗೆ ತಿಳಿದದ್ದು ಶ್ರಾವಣದ ಒಂದು ಗುರುವಾರ, ಬಾಗಿಲಲ್ಲಿ ಬಂದು ನಿಂತ ಅಪರಿಚಿತನೊಬ್ಬನ ಬಾಯಿಂದ.

ಗುರುವಾರವೆಂದರೆ ಅಕ್ಕವ್ವನ ದಿನ. ಜುಗೂಳದಿಂದ ಬೆಳಗಿನ ಬಸ್ಸು ಹಿಡಿದು ಚಿಕ್ಕೋಡಿಗೆ ಬಂದು, ಕಾಮಣ್ಣನ ಹೊಲಿಗೆ ಅಂಗಡಿಯ ಪಕ್ಕದ ಮೆಟ್ಟಿಲುಗಳನ್ನು ‘ಪಾಂಡುರಂಗಾ, ಪಾಂಡುರಂಗಾ’ ಎನ್ನುತ್ತ ಹತ್ತಿ, ಮಾಳಿಗೆಯ ಮೇಲಿನ ನೀಲಮಳ ಕೋಣೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತುಬಿಡುತ್ತಿದ್ದಳು. ಅಂದೂ ನೀಲಮ ತಂಬಿಗೆಗೆ ನೀರು ತುಂಬಿಟ್ಟು ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ಸಪ್ಪಳವಾಯಿತು. ಆದರೆ ಅದು ಮುದುಕಿಯ ಹೆಜ್ಜೆಯಲ್ಲ, ಅವಸರದಲ್ಲಿ ಹಾರಿ ಬರುವ ಗಂಡಸಿನ ಹೆಜ್ಜೆ.

ಬಾಗಿಲಲ್ಲಿ ನಿಂತವನಿಗೆ ಮೂವತ್ತರ ಆಸುಪಾಸು. ಹೊಸದಾಗಿ ಬೋಳಿಸಿದ ತಲೆಯ ಮೇಲೆ ಬಿಳಿ ಟೋಪಿ. ಬಿಸಿಲಿಗೆ ಕಂದಿದ ಮುಖ. ನಿದ್ರೆಯಿಲ್ಲದ ಕೆಂಪು ಕಣ್ಣುಗಳು.

“ಲಗ್ನಾ ಕೂಡಸೂ ಆಫೀಸ ಇದ ಏನ್ರಿ?” ಎಂದು ಕೇಳಿದ.

“ಅಲ್ರಿ. ನಿಮಗ ಯಾರ ಬೇಕಾಗಿತ್ತು?”

“ಜುಗೂಳದ ಅಕ್ಕವ್ವ ನಿಮ್ಮ ಕಡೆ ಬರ್ತಿದ್ಳಲ್ರಿ, ನಾ ಆಕಿ ಮೊಮ್ಮಗ, ಸಂಗ್ರಾಮ. ಇನ್ನ ಆಕಿ ಬರೂದಿಲ್ಲ. ಹ್ವಾದ ಗುರುವಾರ ಇಲ್ಲಿಂದ ಮನಿಗೆ ಬಂದ್ಳು, ಉಂಡ್ಳು, ಮಲಕೊಂಡ್ಳು. ಬೆಳಿಗ್ಗಿ ಚಾ ತಗೊಂಡ ಎಬ್ಬಸಾಕ ಹ್ವಾದ್ರ...”

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

ನೀಲಮಳ ಕಣ್ಣು ತುಂಬಿದವು. ‘ಅಯ್ಯೋ ತಾಯೀ... ಹೋದ ವಾರ ಇದೇ ಕುರ್ಚಿಯಲ್ಲಿ ಕೂತು ಎಷ್ಟು ನಕ್ಕಿದ್ದೆ!’

ಆ ಕಣ್ಣೀರನ್ನು ಅವನು ನೋಡಿದ. ನೋಡಿ ಅವನ ದನಿ ಇನ್ನೂ ಬಿರುಸಾಯಿತು. ಅಜ್ಜಿ ಇಲ್ಲಿ ಏನೇನು ಮಾತಾಡಿದ್ದಳೋ ಅದಷ್ಟನ್ನೂ ತನಗೆ ಹೇಳಬೇಕೆಂದ. ಅದರಲ್ಲೂ ಕೊನೆಯ ದಿನದ ಮಾತು ಬೇಕೇ ಬೇಕೆಂದ. ನೀಲಮ ಮೆಲ್ಲಗೆ, ಇದು ಲಗ್ನ ಕೂಡಿಸುವ ಜಾಗವಲ್ಲ, ಮನಸ್ಸಿನ ಭಾರ ಇಳಿಸುವ ಜಾಗ, ಇಲ್ಲಿ ಬಂದವರು ಆಡಿದ ಮಾತು ಇಲ್ಲಿಂದ ಹೊರಗೆ ಹೋಗುವುದಿಲ್ಲ ಎಂದು ತಿಳಿಸಿ ಹೇಳಿದಳು.

ಸಂಗ್ರಾಮನ ಮುಖ ಕಪ್ಪಿಟ್ಟಿತು.

“ಅಂದ್ರ ಹುಚ್ಚರ ಡಾಕ್ಟರೇನ್ರಿ ನೀವು? ನಮ್ಮ ಅಜ್ಜಿಗೆ ಹುಚ್ಚ ಹಿಡದಿತ್ತೇನು?”

ಉತ್ತರಕ್ಕೆ ಕಾಯದೆ ಅವನು ಇಳಿದು ಹೋದ. ನೀಲಮ ಖಾಲಿ ಕುರ್ಚಿಯ ಎದುರು ಬಹಳ ಹೊತ್ತು ಕೂತಿದ್ದಳು. ದುಃಖದ ನಡುವೆಯೂ ಒಂದು ಮಾತು ಮನಸ್ಸಿಗೆ ಬಂತು. ‘ಇವನೇನು ಆ ಮೊಮ್ಮಗ! ಅಕ್ಕವ್ವ ತಪ್ಪು ಹೇಳಿರಲಿಲ್ಲ... ಕಣ್ಣು ಆಕೆಯವೇ.’

*

ಲಗ್ನದ ಆಫೀಸೆಂಬ ತಪ್ಪು ಹುಟ್ಟಿದ್ದು ಒಂದು ಹಲಗೆಯಿಂದ.

ನೀಲಮ ಏಕಸಂಬಿಯ ಹುಡುಗಿ. ತಂದೆ ಲಗಮಪ್ಪ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ನೀಲಮ ಧಾರವಾಡದಲ್ಲಿ ಮನಃಶಾಸ್ತ್ರ ಓದಿ, ಪುಣೆಯಲ್ಲಿ ಹೆಚ್ಚಿನ ತರಬೇತಿ ಪಡೆದು, ತನ್ನ ಸೀಮೆಗೆ ಮರಳಿ, 2011ರಲ್ಲಿ ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ವಂತವಾಗಿ ಕೆಲಸ ಶುರು ಮಾಡಿದಳು. ಹೊರಗೆ ಚೆಂದದ ಕನ್ನಡದಲ್ಲಿ ‘ಆಪ್ತ ಸಮಾಲೋಚನಾ ಕೇಂದ್ರ’ ಎಂಬ ಹಲಗೆ ಹಾಕಿಸಿದಳು. ಕನ್ನಡದಲ್ಲಿ ಆಪ್ತ ಎಂದರೆ ಮನಸ್ಸಿಗೆ ಹತ್ತಿರವಾದದ್ದು. ಮರಾಠಿಯಲ್ಲಿ ಆಪ್ತರೆಂದರೆ ನೆಂಟರು, ಬೀಗರು. ಗಡಿಯ ಈ ಊರುಗಳಲ್ಲಿ ಆ ಶಬ್ದ ಕಣ್ಣಿಗೆ ಬೀಳುವುದೇ ಮರಾಠಿ ಲಗ್ನಪತ್ರಿಕೆಯಲ್ಲಿ!

ಅಕ್ಕವ್ವ ಕಣ್ಣು ತೋರಿಸಲು ಚಿಕ್ಕೋಡಿಗೆ ಬಂದ ದಿನ ಆ ಹಲಗೆಯನ್ನು ಓದಿ ಹೇಳಿದವರು ನಿಪ್ಪಾಣಿಯ ಕಾಕಾಸಾಹೇಬ ಎಂಬ ಹಿರಿಯರು. ಆಪ್ತರನ್ನು ಕೂಡಿಸುವ ವಿಚಾರ ಇಲ್ಲಿ ಆಗುತ್ತದೆ ಎಂದು ಅವರು ಖಾತ್ರಿಯಾಗಿ ಹೇಳಿಬಿಟ್ಟರು. ಮುದುಕಿ ಖುಷಿಯಿಂದ ಮೆಟ್ಟಿಲು ಹತ್ತಿ, ಸೆರಗಿನ ಗಂಟಿನಿಂದ ಮೊಮ್ಮಗನ ಫೋಟೋ ತೆಗೆದು ಮೇಜಿನ ಮೇಲಿಟ್ಟು, ಹೊಲ ಎಷ್ಟು, ಕಬ್ಬು ಎಷ್ಟು, ದ್ರಾಕ್ಷಿ ಎಷ್ಟು ಎಂದು ಹೇಳತೊಡಗಿದಳು. ಎಲ್ಲ ಕೇಳಿಸಿಕೊಂಡ ನೀಲಮ ನಗು ತಡೆದು ತಪ್ಪನ್ನು ತಿಳಿಸಿದಾಗ ಅಕ್ಕವ್ವ ಫೋಟೋವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಇಲ್ಲಿ ಏನು ಮಾಡುತ್ತೀಯೆಂದು ಕೇಳಿದಳು.

ಒಬ್ಬೊಬ್ಬರಿಗೆ ಒಂದೊಂದು ದಾರಿ ಎಂದಳು ನೀಲಮ. ಕೆಲವರಿಗೆ ಹಳೆಯ ನೋವಿನ ಗಂಟು ಬಿಚ್ಚಬೇಕು. ಕೆಲವರಿಗೆ ಇವತ್ತಿನ ಯೋಚನೆ ಎಲ್ಲಿ ಹಾದಿ ತಪ್ಪಿದೆಯೆಂದು ತೋರಿಸಬೇಕು. ಕೆಲವರಿಗೆ ಉಸಿರನ್ನು ನಿಧಾನ ಮಾಡುವುದನ್ನು ಕಲಿಸಿದರೆ ಸಾಕು. ಬೇರೆ ಬೇರೆ ಪದ್ಧತಿಗಳನ್ನು ಕೂಡಿಸಿ, ಬಂದವರಿಗೆ ಯಾವುದು ಒಗ್ಗುತ್ತದೆಯೋ ಅದನ್ನು ಕೊಡುವುದು ತನ್ನ ಕೆಲಸ.

“ಅಂದ್ರ ಭೋಗಿ ಪಲ್ಯ ಅನ್ನು. ಎಲ್ಲಾ ಕಾಯಿಪಲ್ಲೆ ಕೂಡಸಿ ಮಾಡೂದು.”

“ಹೌದ್ರಿ ಅಜ್ಜಿ, ಭೋಗಿ ಪಲ್ಯನ.”

“ಹಂಗಾದ್ರ ನನಗೂ ಒಂದೀಟ ನೀಡ ಯವ್ವಾ,” ಎಂದು ಮುದುಕಿ ಕಾಲು ಮಡಚಿ ಕೂತಳು. ಅಂದಿನಿಂದ ಗುರುವಾರ ಅವಳದಾಯಿತು. ಮನೆಯಲ್ಲಿ ಮಾತ್ರ ಲಗ್ನದ ಆಫೀಸಿಗೆ ಹೋಗುತ್ತೇನೆಂದೇ ಹೇಳಿ, ಫೋಟೋ ಕಟ್ಟಿಕೊಂಡು ಹೊರಡುತ್ತಿದ್ದಳು.

ಆ ಕುರ್ಚಿಯಲ್ಲಿ ಕೂತು ಅಕ್ಕವ್ವ ಏನನ್ನು ಇಳಿಸಿದಳು ಎಂಬುದನ್ನು ಈ ಕಥೆಯೂ ಹೇಳುವುದಿಲ್ಲ. ಬರುವಾಗ ಬಾಗಿದ್ದ ಬೆನ್ನು ಹೋಗುವಾಗ ನೆಟ್ಟಗಾಗುತ್ತಿತ್ತು, ಅಷ್ಟು ಹೇಳಿದರೆ ಸಾಕು. ಒಂದೇ ಒಂದು ಮಾತನ್ನು ಅವಳು ನೀಲಮಳಿಂದ ಕೈಮೇಲೆ ಕೈ ಹಾಕಿಸಿ ಪಡೆದಿದ್ದಳು. ತಾನು ಸತ್ತರೂ ಇಲ್ಲಿನ ಮಾತು ಯಾರ ಕಿವಿಗೂ ಬೀಳಬಾರದು, ತನ್ನ ಮನೆಯವರ ಕಿವಿಗಂತೂ ಬೀಳಲೇಬಾರದು.

*

ಮುಂದಿನ ಗುರುವಾರ ಸಂಗ್ರಾಮ ಮತ್ತೆ ಬಂದ. ಈ ಸಲ ಮೆಲ್ಲಗೆ ಹತ್ತಿ ಬಂದು ಹೊಸ್ತಿಲ ಹೊರಗೇ ನಿಂತ. ಮಾತಿನಲ್ಲಿ ‘ಬಾಯಾರ’ ಎಂಬ ಮರ್ಯಾದೆ ಬಂದಿತ್ತು.

“ಅವತ್ತ ಭಾಳ ಕೆಟ್ಟ ಮಾತಾಡಿದೆ ಬಾಯಾರ. ತಪ್ಪಾತು.”

“ದುಃಖದಾಗ ಇದ್ರಿ. ಒಳಗ ಬರ್ರಿ.”

ತಂಬಿಗೆಯ ನೀರು ಕುಡಿದು ಅವನು ತನ್ನ ಕಥೆ ಹೇಳಿದ. ತಂದೆತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಅವನನ್ನು ಸಾಕಿದವಳು ಅಜ್ಜಿ. ಓದಿದ್ದರೂ ಮಣ್ಣು ಬಿಟ್ಟು ಹೋಗದೆ ಒಕ್ಕಲುತನ ಹಿಡಿದ. ಕನ್ಯೆ ನೋಡಲು ಹೋದ ಮನೆಗಳಲ್ಲೆಲ್ಲ ಒಂದೇ ಉತ್ತರ: ಹುಡುಗ ಒಳ್ಳೆಯವನು, ಆದರೆ ನೌಕರಿ ಇಲ್ಲ. ಆಮೇಲೆ ಅವನು ಲಗ್ನದ ಮಾತನ್ನೇ ಒಲ್ಲೆನೆಂದ. ಅಜ್ಜಿ ಬಿಡಲಿಲ್ಲ. ಆ ಕೊನೆಯ ಗುರುವಾರ ಬೆಳಿಗ್ಗೆ ಅವಳು ಅವನ ಫೋಟೋ ಸೆರಗಿಗೆ ಕಟ್ಟಿಕೊಳ್ಳುವುದನ್ನು ಕಂಡು ಅವನಿಗೆ ರೇಗಿತು.

“ನಾ ಏನ ಸಂತಿಯೊಳಗಿನ ಎತ್ತೇನಬೇ, ಊರೂರಿಗೆ ಹೊಡಕೊಂಡ ಹೋಗಿ ತೋರಸಾಕ? ನನ್ನ ಚಿಂತಿ ಬಿಟ್ಟಬಿಡ ಅಂದೆ. ಏನೂ ಅನಲಾರದ ಬಸ್ಸಿಗೆ ಹ್ವಾದ್ಳು. ರಾತ್ರಿ ನನ್ನ ಕೂಡ ಮಾತಾಡಲೇ ಇಲ್ಲ. ಬೆಳಗಾಗೂದರಾಗ ಹ್ವಾದ್ಳು.” ಅವನು ತಲೆ ತಗ್ಗಿಸಿದ. “ನಡುವ ಆಕಿ ಮನಸ ಬಿಚ್ಚಿ ಮಾತಾಡಿದ್ದು ನಿಮ್ಮ ಕೂಡ ಅಷ್ಟ. ನನ್ನ ಮ್ಯಾಲ ಸಿಟ್ಟ ಇಟ್ಟಕೊಂಡ ಹ್ವಾದ್ಳೇನು? ಹೌದು ಅನ್ರಿ, ಇಲ್ಲಂತರ ಅನ್ರಿ. ಅಷ್ಟ ಸಾಕು.”

ನೀಲಮಳಿಗೆ ಉತ್ತರ ಗೊತ್ತಿತ್ತು. ಒಂದು ಶಬ್ದ... ಒಂದೇ ಶಬ್ದ ಅವನ ರಾತ್ರಿಗಳನ್ನು ಹಗುರ ಮಾಡಬಲ್ಲದು. ಆದರೆ ಒಂದನ್ನು ಹೇಳಿದರೆ ಏಕೆ ಎಂಬ ಪ್ರಶ್ನೆ ಬರುತ್ತದೆ. ಅದರ ಹಿಂದೆ ಅಕ್ಕವ್ವ ಜೀವಮಾನವೆಲ್ಲ ಮುಚ್ಚಿಟ್ಟದ್ದರ ಬಾಗಿಲು.

“ಹೌದು ಅನ್ನೂದೂ ಅವರ ಮಾತ ರೀ, ಇಲ್ಲ ಅನ್ನೂದೂ ಅವರ ಮಾತ,” ಎಂದಳು. “ಎರಡೂ ನನ್ನವಲ್ಲ.”

ಅವನ ದುಃಖಕ್ಕೆ ತಾನೇ ಉಪಚಾರ ಮಾಡುವುದೂ ಸರಿಯಲ್ಲ, ಅಜ್ಜಿಯ ಮಾತು ಕೇಳಿದ ಕಿವಿ ಮೊಮ್ಮಗನ ಮಾತಿಗೆ ನೇರವಾಗಿ ನಿಲ್ಲಲಾರದು ಎಂದು ಹೇಳಿ, ಮಿರಜದಲ್ಲಿರುವ ಜ್ಞಾನದೇವ ಎಂಬ ಹಿರಿಯರ ಹೆಸರು ಹೇಳಿದಳು. ಅವರದೂ ಇದೇ ಕೆಲಸ. ಸಂಗ್ರಾಮ ತಲೆಯಾಡಿಸಿದ. ಮಿರಜಕ್ಕೆ ಮಾತ್ರ ಹೋಗಲಿಲ್ಲ.

*

ಬದಲಿಗೆ ಗುರುವಾರ ಗುರುವಾರ ಚಿಕ್ಕೋಡಿಗೆ ಬಂದ! ಮೇಲೆ ಹತ್ತುತ್ತಿರಲಿಲ್ಲ. ಕೆಳಗೆ ಕಾಮಣ್ಣನ ಅಂಗಡಿಯಲ್ಲಿ ಕೂತಿರುತ್ತಿದ್ದ. ಆ ಅಂಗಡಿಯ ಗಿರಾಕಿಗಳಲ್ಲಿ ಅರ್ಧ ಮಂದಿ ನೀಲಮಳ ಕಡೆಗೆ ಬಂದವರೇ. ಮನಸ್ಸಿನ ಮಾತಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಲಾರದೆ, ಕುಬಸ ಹೊಲಿಯಲು ಹಾಕಿ ಬರುತ್ತೇವೆಂದು ಹೆಂಗಸರು ಹೊರಡುತ್ತಿದ್ದರು. ಬಾಯಾರು ಮಾಳಿಗೆ ಹಿಡಿದ ಮೇಲೆ ತನಗೆ ಹಬ್ಬವಿಲ್ಲದೆಯೂ ಹಬ್ಬದ ಕೆಲಸ ಎಂದು ಕಾಮಣ್ಣ ನಗುತ್ತಿದ್ದ. ಜುಗೂಳದ ಪಾವಣ್ಯಾ, ಅಂದರೆ ನೆಂಟ, ಎಷ್ಟು ಅಂಗಿ ಹೊಲಿಸುತ್ತಾನೆ ಎಂದು ಸಂಗ್ರಾಮನನ್ನೂ ಕಾಡುತ್ತಿದ್ದ.

ನೀಲಮ ಬಾಗಿಲು ಹಾಕಿ ಇಳಿದು ಬಂದರೆ ಸಂಗ್ರಾಮ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆಯುತ್ತಿದ್ದ. ಕೃಷ್ಣೆಗೆ ನೀರು ಏರಿದ್ದು, ಕಬ್ಬಿನ ಹೊಲದಲ್ಲಿ ನವಿಲು ಮರಿ ಮಾಡಿದ್ದು, ಸೋದರತ್ತೆ ಚಂದ್ರಮತಿ ದಿನಾ ತನ್ನನ್ನು ಬೈದು ಎಬ್ಬಿಸುವುದು... ಎಲ್ಲ ಹೇಳುತ್ತಿದ್ದ. ನೀಲಮ ನಕ್ಕು ನಕ್ಕು ಏಕಸಂಬಿಯ ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ದಿನವಿಡೀ ಪರರ ಮಾತು ಕೇಳುವವಳು ಅವನೆದುರು ತಾನೇ ಮಾತಾಡತೊಡಗಿದ್ದಳು. ‘ಇದೇನು ನೀಲಮಾ... ನಿನಗೆ ಯಾರು ಸಲಹೆ ಕೊಡಬೇಕು?’ ಎಂದು ಬಸ್ಸಿನ ಕಿಟಕಿಯ ಬಳಿ ಕೂತು ತನ್ನಷ್ಟಕ್ಕೆ ನಗುತ್ತಿದ್ದಳು.

ಆದರೆ ಬಸ್ಸು ಹೊರಡುವ ಮುಂಚೆ ಅವನ ಕಣ್ಣಲ್ಲಿ ಅದೇ ಪ್ರಶ್ನೆ ಬಂದು ನಿಲ್ಲುತ್ತಿತ್ತು.

ದಸರೆಯ ಬನ್ನಿ ಕೊಡಲು ಬಂದ ದಿನ ಅವನು ಅದನ್ನು ಬಾಯಿಬಿಟ್ಟೇ ಕೇಳಿದ. ಹೌದೋ ಅಲ್ಲವೋ? ನೀಲಮ ಆಗದೆಂದು ತಲೆ ಅಲ್ಲಾಡಿಸಿದಳು.

“ನಾ ನಿಮಗ ಯಾರೂ ಅಲ್ಲೇನ್ರಿ?” ಎಂದ.

“ಯಾರೂ ಅಲ್ಲದಿದ್ರ ಇಷ್ಟ ತ್ರಾಸ ಆಗ್ತಿರಲಿಲ್ಲ.”

“ತ್ರಾಸ ಆದ್ರೂ ಹೇಳೂದಿಲ್ಲ?”

“ಇಲ್ರಿ.”

ಬನ್ನಿಯ ಎಲೆಗಳನ್ನು ಅವಳ ಅಂಗೈಯಲ್ಲಿಟ್ಟು ಅವನು ಹೇಳಿದ: “ಹಂಗಾದ್ರ ನಾವ ಭೆಟ್ಟಿ ಆಗೂದು ಬ್ಯಾಡ. ನಿಮ್ಮ ಮಾರಿ ನೋಡಿದಾಗೊಮ್ಮೆ, ಅಜ್ಜಿ ನನ್ನ ಬೈದಿದ್ದ ಅಲ್ಲೇ ಒಳಗ ಐತಿ ಅನಸ್ತೈತಿ.”

ಅವನು ಹಿಂದಿರುಗಿ ನೋಡದೆ ಹೋದ.

ಅಂದು ನೀಲಮ ಪುಣೆಯಲ್ಲಿದ್ದ ತನ್ನ ಗುರುಗಳಿಗೆ ಫೋನ್ ಮಾಡಿದಳು. ಹೆಸರು ಹೇಳದೆ ವಿಷಯ ತಿಳಿಸಿ, ಸತ್ತವರ ಗುಟ್ಟು ಬದುಕಿದವರ ನೆಮ್ಮದಿಗಿಂತ ದೊಡ್ಡದೇ ಎಂದು ಕೇಳುವಾಗ ಅವಳಿಗೆ ಅಳು ಬಂತು. ಗುರುಗಳು ನಿಧಾನವಾಗಿ, ನಾಳೆ ನಿನ್ನ ಬಾಗಿಲಿಗೆ ಬರುವ ಇನ್ನೊಬ್ಬ ಮುದುಕಿಯನ್ನು ನೆನೆದು ನೀನೇ ಹೇಳು ಎಂದರು.

ನೀಲಮ ಕಣ್ಣೊರೆಸಿಕೊಂಡಳು. ಅವನನ್ನು ಕಳೆದುಕೊಳ್ಳಬಹುದು. ಅಕ್ಕವ್ವನಿಗೆ ಕೊಟ್ಟ ಕೈಯನ್ನು ಹಿಂತೆಗೆಯಲಾರಳು.

*

ದೀಪಾವಳಿ ಮುಗಿದ ವಾರ ಹೊಸ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಕುಬಸದ ಬಟ್ಟೆ. ತನ್ನ ಹೆಸರು ಲಕ್ಷ್ಮಿಬಾಯಿ, ಊರು ಅಥಣಿ ಎಂದಳು. ತನಗೇನೂ ದುಃಖವಿಲ್ಲ, ಸುಮ್ಮನೆ ಬಂದೆ ಎಂದಳು. ಅತ್ತಿತ್ತ ನೋಡಿ, ಜುಗೂಳದ ಅಕ್ಕವ್ವ ಎಂಬವಳು ಇಲ್ಲಿ ಬರುತ್ತಿದ್ದಳಂತಲ್ಲ, ಏನು ಹೇಳಿಕೊಳ್ಳುತ್ತಿದ್ದಳೋ ಪಾಪ, ಎಂದು ಹಗುರವಾಗಿ ಕೇಳಿದಳು.

ನೀಲಮಳಿಗೆ ಒಳಗೇ ನಗು ಬಂತು. “ಇಲ್ಲಿ ಬಂದವರ ಮಾತ ಇನ್ನೊಬ್ಬರ ಮುಂದ ಆಡೂದಿಲ್ರಿ. ನಾಳೆ ಯಾರರ ಬಂದ, ಲಕ್ಷ್ಮಿಬಾಯಾರ ಏನ ಅಂದ್ರು ಅಂದ್ರ ಅದನ್ನೂ ಹೇಳೂದಿಲ್ಲ.”

“ಖರೇನ?”

“ಖರೇ ರೀ.”

“ನನ್ನ ಅಳಿಯ ಬಂದ ಕೇಳಿದ್ರ?”

“ಯಾರ ಬಂದ ಕೇಳಿದ್ರೂ.”

ಹೆಂಗಸು ಕುಬಸದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. ಆಮೇಲೆ ತಾನು ಲಕ್ಷ್ಮಿಬಾಯಿಯಲ್ಲ, ಸಂಗ್ರಾಮನ ಸೋದರತ್ತೆ ಚಂದ್ರಮತಿ ಎಂದು ಒಪ್ಪಿಕೊಂಡಳು. ಅವಳನ್ನು ಕಳಿಸಿದವನು ಅವನೇ. ಅಷ್ಟು ಹೇಳಿ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಗಂಡ ಸತ್ತು ತವರಿಗೆ ಬಂದಂದಿನಿಂದ ಯಾರಿಗೂ ಹೇಳದ ಮಾತೊಂದು ಅವಳ ಬಾಯಿಗೆ ಬಂತು. ಬಂದದ್ದು ನಿಲ್ಲಲೇ ಇಲ್ಲ. ನೀಲಮ ಎಲ್ಲವನ್ನೂ ಕೇಳಿದಳು. ಕೊನೆಯಲ್ಲಿ, ಮುಂದಿನ ಮಾತುಗಳನ್ನು ಮಿರಜದ ಜ್ಞಾನದೇವರ ಬಳಿ ಆಡುವುದು ಒಳ್ಳೆಯದೆಂದು ತಿಳಿಸಿ ಹೇಳಿದಳು.

ಜುಗೂಳದಲ್ಲಿ ಸಂಗ್ರಾಮ ಕಟ್ಟೆಯ ಮೇಲೆ ಕಾದು ಕೂತಿದ್ದ.

“ಏನ ಅಂದ್ರು ಅತ್ತಿ?”

“ಅವರೇನೂ ಅನಲಿಲ್ಲ. ನಾನ ಅಂದೆ.”

“ನೀ ಏನ ಅಂದಿ?”

“ನಿನಗ್ಯಾಕ ಬೇಕೋ?” ಎಂದಳು ಚಂದ್ರಮತಿ. “ಅದ ನಂದು ಅವರದು. ಸುಮ್ನ ಉಣ್ಣ ನಡಿ.”

ಸಂಗ್ರಾಮ ಬಾಯಿ ತೆರೆದುಕೊಂಡು ನೋಡಿದ. ಬೇಹಿಗೆ ಕಳಿಸಿದವಳೇ ಆ ಕಡೆ ಸೇರಿಬಂದಿದ್ದಳು! ಅಜ್ಜಿ ಹೋದ ಮೇಲೆ ಮೊದಲ ಸಲ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತಾಗ ಅತ್ತೆಯ ಮುಖ ನೋಡಿದ. ಎಷ್ಟೋ ವರ್ಷಗಳಿಂದ ಕಾಣದಿದ್ದ ಒಂದು ತಿಳಿ ಆ ಮುಖದಲ್ಲಿತ್ತು. ಅಜ್ಜಿಯೂ ಗುರುವಾರ ಸಂಜೆ ಬಸ್ಸಿಳಿದು ಬರುವಾಗ ಹೀಗೇ ಬರುತ್ತಿದ್ದಳಲ್ಲ... ಅದು ಅವನಿಗೆ ಈಗ ಹೊಳೆಯಿತು.

ಮುಂದಿನ ವಾರದಿಂದ ಅತ್ತೆ ಅಳಿಯ ಇಬ್ಬರೂ ಮಿರಜದ ಬಸ್ಸು ಹತ್ತತೊಡಗಿದರು. ಹೋಗುವಾಗ ಕಿಟಕಿಯ ಜಾಗಕ್ಕೆ ಜಗಳ. ಬರುವಾಗ ಇಬ್ಬರ ಕಣ್ಣೂ ಕೆಂಪು, ಇಬ್ಬರ ಬಾಯಲ್ಲೂ ಸೇಂಗಾ. ನೀನು ಏನಂದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ.

*

ಸಂಕ್ರಾಂತಿ ಕಳೆದು ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಚಂದ್ರಮತಿ ಏಕಸಂಬಿಗೆ ಬಂದು, ಎಳೆ ತೆನೆ ಸುಟ್ಟ ಸೀತನಿ ತಿನ್ನಲು ಹೊಲಕ್ಕೆ ಬರಬೇಕೆಂದು ಲಗಮಪ್ಪನವರನ್ನೂ ನೀಲಮಳನ್ನೂ ಕರೆದು ಹೋದಳು. ನೀಲಮ ಹೋಗಲೋ ಬೇಡವೋ ಎಂದು ಹೊಯ್ದಾಡಿದಳು. ತಂದೆ ಮಾತ್ರ ಬೆಳಿಗ್ಗೆಯೇ ರುಮಾಲು ಸುತ್ತಿಕೊಂಡು ತಯಾರಾಗಿದ್ದರು.

ಕೃಷ್ಣೆಯ ದಂಡೆಯ ಹೊಲ. ಕೆಂಡದಲ್ಲಿ ಸುಟ್ಟ ತೆನೆಯ ಪರಿಮಳ. ಲಗಮಪ್ಪ ಮತ್ತು ಚಂದ್ರಮತಿ ತೆನೆ ತಿಕ್ಕುತ್ತ, ಬಸ್ಸುಗಳು ತಡವಾಗುವ ಕುರಿತು ಮಾತಿಗೆ ಬಿದ್ದಿದ್ದರು. ಸಂಗ್ರಾಮನ ತಲೆಯಲ್ಲಿ ಕೂದಲು ದಟ್ಟವಾಗಿ ಬೆಳೆದಿತ್ತು. ನೀರಿನತ್ತ ಬರುತ್ತೀರಾ ಎಂದು ಕೇಳಿದ. ನೀಲಮ ಎದ್ದಳು. ಇಬ್ಬರೂ ದಂಡೆಯವರೆಗೆ ನಡೆದರು.

“ಮಿರಜಕ ಹೋಗಿ ಬಂದೆ ಬಾಯಾರ.”

“ಹೇಳಬೇಕಂತಿಲ್ರಿ. ಅದು ನಿಮ್ಮ ಮಾತು.”

“ಅದಕ್ಕ ಹೇಳ್ತೀನಿ. ನನ್ನ ಮಾತ ನಾ ಯಾರಿಗೆ ಬೇಕಾದ್ರೂ ಹೇಳಬಹುದಲ್ರಿ?”

ಜ್ಞಾನದೇವರು ಎದುರಿಗೆ ಖಾಲಿ ಕುರ್ಚಿ ಇಟ್ಟು, ಅಲ್ಲಿ ಅಜ್ಜಿ ಕೂತಿದ್ದಾಳೆಂದು ತಿಳಿದು ಮಾತಾಡಿಸು ಎಂದಿದ್ದರು. ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ ಎತ್ತಿನ ಮಾತು, ಅದರ ಹಿಂದಿನ ಅವಮಾನ, ತಪ್ಪಾಯಿತೆಂಬ ಅಳು, ಎಲ್ಲ ಹೊರಬಂತು. ಅಷ್ಟಾದ ಮೇಲೆ ಅವರು, ಈಗ ಎದ್ದು ಹೋಗಿ ಅಜ್ಜಿಯ ಕುರ್ಚಿಯಲ್ಲಿ ಕೂತು ಅಜ್ಜಿಯಾಗಿ ಉತ್ತರ ಕೊಡು ಎಂದರು.

“ಕುಂತೆ. ಏನ ಹೇಳಬೇಕಂತ ಯೋಚನಿ ಮಾಡಲಿಲ್ಲ. ಬಾಯಾಗ ಆಕಿ ಮಾತ ಬಂತು. ‘ಎತ್ತ ಅಂದಿ ಅಲ್ಲೋ ಹುಚ್ಚಾ, ಎತ್ತ ಹಾಯಾಕ ಬಂತಂತ ಯಾವ ಒಕ್ಕಲಿಗ ಅದರ ಮೇವ ನಿಲ್ಲಸ್ಯಾನ?’ ಅಂದೆ. ಅಂದ ಮ್ಯಾಲ ಅಳು ಬಂತು... ಅಳಕೋತ ನಕ್ಕೆ.”

ನೀಲಮ ಥಟ್ಟನೆ ಹೊಳೆಯ ಕಡೆಗೆ ಮುಖ ತಿರುಗಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗುವಿತ್ತು. ಎರಡನ್ನೂ ಅವನಿಗೆ ತೋರಿಸುವ ಹಕ್ಕು ಅವಳಿಗಿರಲಿಲ್ಲ.

ಸಂಗ್ರಾಮ ಬಳಿಗೆ ಬಂದು ನಿಂತ. “ಮಾರಿ ಯಾಕ ಆ ಕಡೆ ತಿರುವಿದ್ರಿ ಅಂತ ಕೇಳೂದಿಲ್ಲ.”

“ಕೇಳಬ್ಯಾಡ್ರಿ.”

“ಒಂದ ಮಾತ ಕೇಳತೀನಿ. ಇದ ಅಜ್ಜಿದಲ್ಲ, ಅತ್ತಿದಲ್ಲ. ನಂದು. ನನ್ನ ಕೂಡ ಬಾಳ್ವಿ ಮಾಡ್ತೀರೇನು?”

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ನೀಲಮ ಅದರಿಂದ ಕಣ್ಣು ತೆಗೆಯಲಿಲ್ಲ.

“ಒಂದ ಮನಿಯಾಗ ಇದ್ರೂ ಹೇಳೂದಿಲ್ಲ,” ಎಂದಳು.

“ಗೊತ್ತೈತಿ.”

“ಮುಪ್ಪ ಆದ ಮ್ಯಾಲೂ ಹೇಳೂದಿಲ್ಲ.”

“ಸತ್ತಾಕಿ ಮಾತ ಇಷ್ಟ ಕಾಯ್ದಾಕಿ, ಬದಕಿರೋ ನನ್ನ ಮಾತ ಎಷ್ಟ ಕಾಯಬಾರ್ದು? ಅದಕ್ಕ ಕೇಳಾಕತ್ತೀನಿ ನೀಲಮಾ.”

ಬಾಯಾರ ಎನ್ನುವುದು ಬಿಟ್ಟು ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತಿರುಗಿ ಅವನ ಮುಖ ನೋಡಿದಳು. ತನ್ನದೆಂದು ಮುಚ್ಚಿಕೊಳ್ಳಬೇಕಾದದ್ದು ಈಗ ಏನೂ ಉಳಿದಿರಲಿಲ್ಲ.

“ಮಾಡ್ತೀನಿ,” ಎಂದಳು. “ಇದು ಮಾತ್ರ ನನ್ನ ಮಾತು. ಯಾರಿಗೆ ಬೇಕಾದ್ರೂ ಹೇಳ್ರಿ.”

“ಮೊದಲ ಯಾರಿಗೆ ಹೇಳೂಣು?”

ಅವಳು ನೀರಿಗೆ ಇಳಿದಳು. ಅವನೂ ಇಳಿದ. ಅಕ್ಕವ್ವನ ಬೂದಿಯನ್ನು ಬಿಟ್ಟದ್ದು ಇದೇ ನೀರಿನಲ್ಲಿ. ಇಬ್ಬರೂ ಬೊಗಸೆಯಲ್ಲಿ ನೀರೆತ್ತಿ, ಕಣ್ಣು ಮುಚ್ಚಿ, ಮೆಲ್ಲಗೆ ಬಿಟ್ಟು, ಮನಸ್ಸಿನಲ್ಲೇ ಬೇಡಿಕೊಂಡರು.

ಪಾಂಡುರಂಗಾ, ಅಕ್ಕವ್ವನನ್ನು ನಿನ್ನ ಪಾದದ ಬಳಿ ಕೂಡಿಸಿಕೊ. ಅವಳು ಹೊತ್ತು ಬಂದದ್ದನ್ನೆಲ್ಲ ಇಳಿಸಿಕೊ. ಅವಳ ಮಕ್ಕಳ ಮೇಲೆ ಕಣ್ಣಿಡು. ಕೃಷ್ಣಾಮಾಯಿ, ಆ ತಾಯಿಯನ್ನು ನಿನ್ನ ಮಡಿಲಲ್ಲಿ ತಣ್ಣಗೆ ಇಡು. ಅವಳ ಜೀವಕ್ಕೆ ಶಾಂತಿಯಿರಲಿ.